ಕೂರಿಗೆಯಿಲ್ಲದೆ ಬಿತ್ತಿದವನು

ಹಾವೇರಿ ಜಿಲ್ಲೆಯಲ್ಲಿ ದೊಡ್ಡ ದನಿ ಎರಡೇ: ಒಂದು ಮುಂಗಾರಿನ ಮೊದಲ ಗುಡುಗು, ಇನ್ನೊಂದು ನಾನು. ಗುಡುಗಿಗೆ ಸೀಜನ್ ಇದೆ, ನನಗಿಲ್ಲ. ಆಟೋದ ನೆತ್ತಿಗೆ ಎರಡು ಸ್ಪೀಕರ್ ಕಟ್ಟಿಕೊಂಡು ಸೀರೆ ಸೇಲು, ಕಣ್ಣಿನ ಶಿಬಿರ, ಕಳೆದುಹೋದ ಎಮ್ಮೆ, ಎಲ್ಲವನ್ನೂ ಊರಿಗೆ ಸಾರುವುದು ನನ್ನ ಕಸುಬು. ನಾನು ಬ್ಯಾಡಗಿ ಬಸ್ ಸ್ಟ್ಯಾಂಡಿನಲ್ಲಿ ‘ಹಲೋ’ ಅಂದರೆ ಮೋಟೆಬೆನ್ನೂರಿನ ನಾಯಿಗಳು ಎದ್ದು ಕೂರುತ್ತವೆ. ಒಮ್ಮೆ ಕಳೆದುಹೋದ ಎಮ್ಮೆಯೊಂದು ತನ್ನ ವರ್ಣನೆಯನ್ನು ನನ್ನ ಬಾಯಲ್ಲಿ ಕೇಳಿ, ಕಾಗಿನೆಲೆ ರಸ್ತೆಯಿಂದ ತಾನಾಗಿಯೇ ಮನೆಗೆ ನಡೆದುಬಂತು. ನಂಬದವರು ಎಮ್ಮೆಯನ್ನೇ ಕೇಳಬಹುದು. ನಾನು ಹೇಳುವುದರಲ್ಲಿ ಅರ್ಧ ಖರೆ. ಉಳಿದರ್ಧ ಅದಕ್ಕಿಂತಲೂ ಖರೆ.

ಇಂಥ ದನಿ ಇರುವ ಮನೆಯಲ್ಲಿ ಒಂದು ಪುಸ್ತಕ ಮಾರುವುದು ಎಷ್ಟರ ಮಾತು ಅಂದುಕೊಂಡಿದ್ದೆ.

ಪುಸ್ತಕ ಬರೆದವಳು ನಮ್ಮ ಅಣ್ಣ ದಾನಿಯೇಲನ ಹೆಂಡತಿ, ಸಲೋಮಿ ವೈನಿ. ಹೆಸರು ‘ಹಾಲು ಉಕ್ಕುವ ಮೊದಲು’. ಅದರ ತುಂಬ ಪ್ರಾರ್ಥನೆಗಳು. ಆದರೆ ಚರ್ಚಿನಲ್ಲಿ ಪಾಸ್ಟರು ಮಾಡುವ ಭಾರಿ ಪ್ರಾರ್ಥನೆಗಳಲ್ಲ. ನಮ್ಮ ವೈನಿ ಅಡುಗೆಮನೆಯಲ್ಲಿ ನಿಂತು ಯೇಸುಸ್ವಾಮಿಯ ಜೊತೆ ಪಕ್ಕದ ಮನೆಯವರ ಜೊತೆ ಮಾತಾಡಿದ ಹಾಗೆ ಮಾತಾಡುತ್ತಿದ್ದಳು. “ಸ್ವಾಮಿ, ಈ ಗ್ಯಾಸು ರವಿವಾರತನಕ ಬರಲಿ. ಬರಲಿಲ್ಲಂದ್ರ ನನ್ನ ಸಿಟ್ಟಾದ್ರೂ ರವಿವಾರತನಕ ತಡೀಲಿ.” ಹಿಟ್ಟು ನಾದುವಾಗ ಒಂದು, ರೊಟ್ಟಿ ಬಡಿಯುವಾಗ ಒಂದು, ಬಡಿದ ರೊಟ್ಟಿ ಹರಿದರೆ ಮತ್ತೊಂದು. ಚರ್ಚಿನ ಸ್ತ್ರೀಸಂಘದಲ್ಲಿ ಅವಳು ಪ್ರಾರ್ಥನೆಗೆ ಎದ್ದರೆ ಹೆಂಗಸರು ಮೊದಲು ನಗುತ್ತಿದ್ದರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊನೆಗೆ ಸಂಘದವರೇ ಹಟ ಹಿಡಿದು, ಇವನ್ನೆಲ್ಲ ಬರೆಸಿ, ಐವತ್ತು ಪ್ರತಿ ಅಚ್ಚು ಹಾಕಿಸೋಣ ಅಂದರು.

ಹಾವೇರಿಯ ಪ್ರೆಸ್ಸಿಗೆ ಹೋದವನು ನಾನು. ಸೊನ್ನೆಗೆ ಬೆಲೆಯಿಲ್ಲ ಅಂತ ಶಾಲೆಯಲ್ಲಿ ಕಲಿಸಿದ್ದರಲ್ಲ, ಒಂದು ಹೆಚ್ಚಿಗೆ ಹಾಕಿ ಬಂದೆ. ನನ್ನ ದನಿಗೆ ಐವತ್ತು ಪ್ರತಿ ಅಂದರೆ ಆನೆಗೆ ಒಂದು ಪೇರಲ ಹಣ್ಣು ಕೊಟ್ಟ ಹಾಗೆ. ನನ್ನ ಮರ್ಯಾದೆಗೆ ಐನೂರೇ ಸರಿ.

ಐನೂರು ಪುಸ್ತಕ ಮನೆಗೆ ಬಂದ ದಿನ ನಮ್ಮ ಮನೆ ಗೋಡೌನ್ ಆಯಿತು. ಮಂಚದ ಕೆಳಗೆ ಪುಸ್ತಕ, ಫ್ರಿಜ್ಜಿನ ಮೇಲೆ ಪುಸ್ತಕ, ಟಿ.ವಿ. ಮುಂದೆ ಎರಡು ಬಂಡಲು ಸೇರಿಸಿ ನಮ್ಮವ್ವ ಜಯವ್ವನಿಗೆ ಕೂರುವ ಕಟ್ಟೆ. ವೈನಿ ಬಾಗಿಲಲ್ಲಿ ನಿಂತು ನೋಡಿದಳು. ಮುಖ ಒಣಮೆಣಸಿನಕಾಯಿಯಷ್ಟು ಸಣ್ಣಗಾಯಿತು.

“ಯುವರಾಜಾ, ಇವನ್ನ ಯಾರು ಕೊಳ್ಳತಾರು?”

“ಯಾರು ಬಿಡತಾರು ಅಂತ ಕೇಳ್ರಿ ವೈನಿ. ವಾರದಾಗ ಮನೀ ಖಾಲಿ.”

“ಕೊಂಡವರು ಓದತಾರೇನು?”

“ರೊಕ್ಕಾ ಕೊಟ್ಟವರು ಓದದ ಏನ್ ಮಾಡ್ಯಾರು?”

“ಅಯ್ಯಯ್ಯೋ!” ಅಂತ ತಲೆಯ ಮೇಲೆ ಕೈಯಿಟ್ಟು ಕೂತಳು. ಯಾರೂ ಕೊಳ್ಳದಿದ್ದರೆ ನಾಚಿಕೆ, ಕೊಂಡು ಓದಿದರೆ ಅದಕ್ಕಿಂತ ನಾಚಿಕೆ. ಎರಡೂ ಕಡೆಯಿಂದ ಹೆದರುವ ಇಂಥ ಲೇಖಕಿಯನ್ನು ನಾನು ಎಲ್ಲೂ ಕಂಡಿಲ್ಲ. ಬೇರೆ ಲೇಖಕಿಯರನ್ನೂ ಕಂಡಿಲ್ಲ, ಅದು ಬೇರೆ ಮಾತು.

ಅವತ್ತೇ ಸಂಜೆ ಹಾವೇರಿ ಕಾಲೇಜಿನಿಂದ ಬಂದ ಅಣ್ಣನ ಮಗಳು ಕಾವ್ಯಾ ಅಜ್ಜಿಗೆ ಹತ್ತೊಂಬತ್ತನೇ ಪುಟ ಓದಿ ಹೇಳಿದಳು. ಅದು ಅತ್ತೆಯ ಮೇಲಿನ ಪ್ರಾರ್ಥನೆ: “ಸ್ವಾಮಿ, ನಮ್ಮ ಅತ್ತಿ ಬಾಯಿಗೆ ಕದಾ ಇಡಬ್ಯಾಡ. ನನ್ನ ಕಿವಿಗೆ ಒಂದು ಇಡು. ಬೇಕಾದಾಗ ತಗೀತೀನಿ.” ಒಳಗೆ ವೈನಿ ಉಸಿರು ಬಿಗಿಹಿಡಿದು ನಿಂತಿದ್ದಳು. ನಮ್ಮವ್ವ ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು.

“ಮುಂದ?”

“ಮುಗೀತು ಅಜ್ಜಿ. ಮುಂದಿಂದು ಗ್ಯಾಸ್ ಸಿಲಿಂಡರಿಂದು.”

“ಎಷ್ಟು ಪುಟ?”

“ಎರಡು.”

“ಹಾಲಿಂದು?”

“ಮೂರು.”

“ಸಲೋಮೀ!” ಅಂತ ನಮ್ಮವ್ವ ಕೂಗಿದ್ದಕ್ಕೆ ಮಾಡಿನ ಮೇಲಿನ ಗುಬ್ಬಿಗಳು ಹಾರಿಹೋದವು. ದನಿ ನನಗೆ ಎಲ್ಲಿಂದ ಬಂತು ಅಂತ ಈಗ ತಿಳಿಯಿತಲ್ಲ. “ಇಪ್ಪತ್ತೆರಡ ವರ್ಷ ನಿನಗ ಕಾಟಾ ಕೊಟ್ಟೇನಿ. ನನಗ ಒಂದ ಪುಟಾನ? ಸಿಲಿಂಡರಿಗೆ ಎರಡಾ?”

ಹೀಗೆ ಅತ್ತೆಯ ಭಯ ಮೊದಲ ದಿನವೇ ಮುಗಿಯಿತು. ಆದರೂ ವೈನಿಯ ಎದೆಬಡಿತ ಇಳಿಯಲಿಲ್ಲ. ಬಂಡಲುಗಳ ಮೇಲೆ ಚಾದರ ಹೊದಿಸಿ, ಬಂದವರಿಗೆಲ್ಲ “ಶೇಂಗಾ ಚೀಲ” ಅಂದಳು. ಬಂದವರಲ್ಲಿ ಒಬ್ಬಾಕೆ ಎರಡು ಕಿಲೋ ಕೇಳಿದಳು.

ಮೂರನೆಯ ದಿನ ನಾನು ರಂಗಕ್ಕೆ ಇಳಿದೆ. ಅಡ್ವಾನ್ಸ್ ಕೊಟ್ಟ ಸೀರೆ ಅಂಗಡಿಯವರನ್ನು ಬಿಟ್ಟು, ಆಟೋಗೆ ಪುಸ್ತಕದ ಬ್ಯಾನರ್ ಕಟ್ಟಿ, ಬ್ಯಾಡಗಿಯ ಗಲ್ಲಿಗಲ್ಲಿಯಲ್ಲಿ ಕೂಗಿದೆ: “ಅಕ್ಕನವರ, ತಾಯಂದಿರ! ಗ್ಯಾಸ್ ಮುಗದೈತೇನು? ಚಿಂತಿ ಬ್ಯಾಡ! ಹಾಲು ಉಕ್ಕೈತೇನು? ಅಂಜಬ್ಯಾಡ! ಇಂದ ಬರ್ರಿ, ಈಗ ಬರ್ರಿ, ಸಲೋಮಿಬಾಯಿಯವರ ಮನಿಗೆ ಬರ್ರಿ! ಸ್ಟಾಕ್ ಇರೂತನಕ ಮಾತ್ರ!”

ಪುಸ್ತಕ ಎಂಬ ಪದವನ್ನು ಕೊನೆಗೆ ಹೇಳುವವನಿದ್ದೆ. ಕುತೂಹಲ ಹುಟ್ಟಿಸುವುದು ಅಂದರೆ ಹಾಗೆಯೇ. ಆದರೆ ಕೊನೆ ಬರುವ ಮೊದಲೇ ಬ್ಯಾಟರಿ ಮುಗಿಯಿತು.

ಬ್ಯಾಟರಿ ಬದಲಿಸಿ ಮನೆಗೆ ಬಂದು ನೋಡುತ್ತೇನೆ, ಬಾಗಿಲ ಮುಂದೆ ಸಾಲು! ನಮ್ಮ ಗಲ್ಲಿಯಿಂದ ಮೆಣಸಿನಕಾಯಿ ಮಾರ್ಕೆಟ್ಟಿನ ಗೇಟಿನವರೆಗೆ ಹೆಂಗಸರು. ಕಡಿಮೆ ಹೇಳಿದರೂ ಸಾವಿರ ಜನ. ಮೂವತ್ತು ಅಂತ ಕಾವ್ಯಾ ಅನ್ನುತ್ತಾಳೆ, ಅವಳಿಗೆ ಎಣಿಸಲು ಬರುವುದಿಲ್ಲ. ಎಲ್ಲರ ಸೊಂಟದ ಮೇಲೂ ಖಾಲಿ ಸಿಲಿಂಡರು.

“ಎಲ್ಲೈತವ್ವಾ ಗ್ಯಾಸು?” ಅಂದಳು ಮುಂದಿನವಳು.

“ಗ್ಯಾಸ್ ಇಲ್ಲರಿ,” ವೈನಿ ಕೈ ಮುಗಿದಳು. “ಪ್ರಾರ್ಥನಾ ಐತಿ.”

“ಪ್ರಾರ್ಥನಾದ ಮ್ಯಾಲೆ ಅನ್ನಾ ಬೇಯತೈತೇನು? ಬಿಸಲಾಗ ಹೊತಗೊಂಡು ಬಂದೇನಿ. ನಿನ್ನ ಮೈದುನಗ ಹೇಳು, ಅಂವನ ಬಾಯಾಗ ಇಷ್ಟು ಗ್ಯಾಸ್ ಇದ್ರ ನಮಗೊಂದೀಟು ತುಂಬಲಿ.”

ಇಡೀ ಸಾಲು ನಕ್ಕಿತು. ವೈನಿ ಅವರಿಗೆಲ್ಲ ತಣ್ಣೀರು ಕೊಟ್ಟಳು, ಕ್ಷಮೆ ಕೇಳಿದಳು, ಒಳಗೆ ಬಂದು ಅಡುಗೆಮನೆಯ ಕದ ಹಾಕಿಕೊಂಡಳು. ಅವತ್ತು ರಾತ್ರಿ ಊಟಕ್ಕೆ ಅವಲಕ್ಕಿ. ಮರುದಿನವೂ ಅವಲಕ್ಕಿ. ಮೂರನೆಯ ದಿನ ರೊಟ್ಟಿ ಬಂತು, ಭಾರತದ ನಕಾಶೆಯ ಹಾಗೆ, ಪಕ್ಕದಲ್ಲಿ ಶ್ರೀಲಂಕಾ ಸಮೇತ. ಹಿಂದೆ ನಮ್ಮ ವೈನಿಯ ರೊಟ್ಟಿ ಎಷ್ಟು ದುಂಡಗಿತ್ತೆಂದರೆ ಹುಣ್ಣಿಮೆ ದಿನ ಚಂದ್ರ ಮೋಡದ ಮರೆಗೆ ಹೋಗುತ್ತಿದ್ದ.

ನಮ್ಮಣ್ಣ ದಾನಿಯೇಲ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಆರಿಸುವವನು. ಬಾಯಿ ತೆರೆದರೆ ಘಾಟು ಹೊಕ್ಕು ಸೀನು ಬರುತ್ತದೆ, ಅದಕ್ಕೆ ಮಾತಾಡುವುದನ್ನೇ ಬಿಟ್ಟಿದ್ದಾನೆ. ಅವನೂ ಶ್ರೀಲಂಕಾ ನೋಡಿ ಬಾಯಿ ಬಿಟ್ಟ.

“ಏನಾಗೈತಿ ಈಕಿಗೆ?”

“ಪುಸ್ತಕ ಆಗೈತಿ,” ಅಂದಳು ನಮ್ಮವ್ವ.

ಕಾವ್ಯಾ ನನ್ನನ್ನು ತರಾಟೆಗೆ ತೆಗೆದುಕೊಂಡಳು. “ಕಾಕಾ, ನಿಮ್ಮ ಮೈಕಿನ ಕಾಲ ಮುಗೀತು. ಈಗೆಲ್ಲಾ ರೀಲ್ಸ್.” ತನ್ನ ತಾಯಿಯನ್ನು ಬಂಡಲಿನ ಮೇಲೆ ಕೂರಿಸಿ, ಮೊಬೈಲು ಹಿಡಿದು, “ಮಮ್ಮಿ, ಪುಸ್ತಕದ ಬಗ್ಗೆ ಎರಡು ಮಾತು ಹೇಳು, ನಗು” ಅಂದಳು. ವೈನಿ ಕ್ಯಾಮೆರಾವನ್ನು ನೋಡಿದಳು, ಆಧಾರ್ ಕಾರ್ಡಿನ ಫೋಟೋದಲ್ಲಿ ನೋಡುವ ಹಾಗೆ. ಮೂವತ್ತು ಸೆಕೆಂಡು ಕಣ್ಣು ಪಿಳುಕಿಸಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಕಾವ್ಯಾ ಅದನ್ನೇ ಹಾಕಿದಳು. ಕೆಳಗೆ ಯಾರೋ ‘ಶ್ರದ್ಧಾಂಜಲಿ’ ಅಂತ ಬರೆದರು.

ಹೀಗಿರುವಾಗ ಹಾವೇರಿಯ ಚರ್ಚಿನಲ್ಲಿ ಸುತ್ತಲಿನ ಊರುಗಳ ಸ್ತ್ರೀಸಂಘಗಳ ಕೂಟ ಬಂತು. ವೈನಿಗೆ ಮಾತಾಡಲು ಕರೆ. ನಾನು ಬಾಗಿಲ ಪಕ್ಕ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ಪುಸ್ತಕದ ಗೋಪುರ ಕಟ್ಟಿದೆ. ಮೇಜಿನ ಹಿಂದೆ ಇಳಕಲ್ ಸೀರೆಯುಟ್ಟ ನಮ್ಮವ್ವ. ಬಂದಬಂದವರಿಗೆ, “ಹತ್ತೊಂಬತ್ತನೇ ಪುಟ ನೋಡ್ರಿ, ಅದು ನಾನ” ಅಂತ ಹೇಳಿ ಆಶೀರ್ವಾದ ಮಾಡುತ್ತಿದ್ದಳು. ಅವಳ ಒಬ್ಬಳ ಜೋರಿನ ಮೇಲೆಯೇ ಒಂದಿಷ್ಟು ಪ್ರತಿ ಹೋದವು.

ವೈನಿ ಮೈಕಿನ ಮುಂದೆ ನಿಂತಳು.

“ಎಲ್ಲಾರಿಗೂ ವಂದನಾರಿ. ಹೊರಗ ಪುಸ್ತಕಾ ಇಟ್ಟಾರ. ಅದು... ತಗೋಬೇಕಂತ ಏನಿಲ್ಲರಿ. ಅಂಥಾದ್ದೇನಿಲ್ಲ ಅದರಾಗ. ನಿಮಗೆಲ್ಲಾ ಗೊತ್ತಿದ್ದದ್ದ. ಸುಮ್ಮನ ರೊಕ್ಕಾ ಕಳಕೋಬ್ಯಾಡ್ರಿ.”

ನಾನು ಹಿಂದಿನಿಂದ ಕೈ ಬೀಸಿದೆ, ಕುತ್ತಿಗೆ ಕುಯ್ಯುವ ಸನ್ನೆ ಮಾಡಿದೆ. ಅವಳು ಇನ್ನೂ ಹೆದರಿ, “ತಗೊಂಡವರು ಬೇಕಾದ್ರ ವಾಪಸ್ ಕೊಡಬಹುದು” ಅಂದಳು. ಇಬ್ಬರು ಎದ್ದು ಬಂದು ಕೊಟ್ಟೇಬಿಟ್ಟರು! ಮಾರಾಟದ ಚರಿತ್ರೆಯಲ್ಲಿ, ಸಂತೆ ಅನ್ನುವುದು ಹುಟ್ಟಿದಾಗಿನಿಂದ, ಮಾರಿದ್ದಕ್ಕಿಂತ ಹೆಚ್ಚು ಮಾಲು ಮನೆಗೆ ತಂದ ಮೊದಲ ವ್ಯಾಪಾರಿ ನಾನೇ ಇರಬೇಕು.

ಅಷ್ಟರಲ್ಲಿ ಮುಗಿಯಲಿಲ್ಲ. ಕೊನೆಯಲ್ಲಿ, “ಸಲೋಮಕ್ಕಾ, ಒಂದು ಪ್ರಾರ್ಥನಾ ಮಾಡಿ ಕೂಟ ಮುಗಸ್ರಿ” ಅಂದರು. ಎಲ್ಲರೂ ಕಣ್ಣು ಮುಚ್ಚಿದರು. ವೈನಿ ಬಾಯಿ ತೆರೆದಳು. ಮಾತು ಬರಲಿಲ್ಲ. ಫ್ಯಾನಿನ ಸದ್ದು ಮಾತ್ರ. ಒಬ್ಬರ ಮಗು ಅತ್ತಿತು, ಸುಮ್ಮನಾಯಿತು. ನಿಂತೇ ಇದ್ದಳು. ಕೊನೆಗೆ “ಆಮೆನ್” ಅಂತ ಕೂತಳು.

ಹೆಂಗಸರು ಮುತ್ತಿಕೊಂಡರು. “ಎಂಥಾ ಮೌನ ಪ್ರಾರ್ಥನಾರಿ! ಮೈ ಝುಂ ಅಂತು!”

ಬ್ಯಾಡಗಿಯ ಬಸ್ಸಿನಲ್ಲಿ ವೈನಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಸಮಾಧಾನಕ್ಕೆಂದು, “ಮೌನಾ ಭಾಳ ಛಲೋ ಆತು ವೈನಿ, ಮುಂದಿನ ಸಲ ಅದನ್ನ ಪುಸ್ತಕದಾಗ ಹಾಕೋಣು, ಖಾಲಿ ಪುಟ ಬಿಟ್ರಾತು” ಅಂದೆ.

“ಅದು ಮೌನ ಅಲ್ಲೋ ಯುವರಾಜಾ. ಖಾಲಿ.”

“ಅಂದ್ರ?”

“ಪುಸ್ತಕಾ ಬಂದಾಗಿಂದ ನನಗ ಪ್ರಾರ್ಥನಾ ಬರವಲ್ತು. ಬಾಯಿ ತಗದ್ರ ಸಾಕು, ಇದು ಜನಕ್ಕ ಸೇರತೈತೇನು, ಇದು ಮಾರಾಟ ಆಗತೈತೇನು ಅಂತ ಮನಸು ಕೇಳತೈತಿ. ಸ್ವಾಮಿ ಕೂಡ ಮಾತಾಡಾಕ ಹೋದ್ರ ಗಿರಾಕಿ ಕೂಡ ಮಾತಾಡಿದಂಗ ಆಗತೈತಿ.” ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಐನೂರಲ್ಲ, ಐದ ಲಕ್ಷ ಹೋದ್ರೂ ನಾ ಏನ್ ಮಾಡ್ಲಿ? ನನ್ನ ಹಂತ್ಯಾಕ ಇದ್ದದ್ದ ಅದೊಂದು.”

ನನ್ನ ಹತ್ತಿರ ಎಲ್ಲದಕ್ಕೂ ಉತ್ತರವಿರುತ್ತದೆ. ಕಂಡಕ್ಟರ್ ಬಂದ, ಆಗಲೇ ತೆಗೆದಿದ್ದ ಟಿಕೆಟನ್ನು ಮತ್ತೊಮ್ಮೆ ತೆಗೆದೆ.

ಆ ವಾರ ಮನೆಯಲ್ಲಿ ಜಗಳಗಳ ಸುಗ್ಗಿ. ಪುಸ್ತಕ ಚರ್ಚಿಗೆ ಪುಕ್ಕಟೆ ಕೊಟ್ಟುಬಿಡಿ ಅಂತ ಕಾವ್ಯಾ. ಕೊಟ್ಟರೆ ಬೆಲೆ ಹೋಗುತ್ತದೆ ಅಂತ ನಾನು. ನನ್ನ ಪುಟವಿರುವ ಪುಸ್ತಕ ಪುಕ್ಕಟೆ ಕೊಟ್ಟರೆ ಕುಪ್ಪೇಲೂರಿಗೆ ತವರಿಗೆ ಹೋಗಿಬಿಡುತ್ತೇನೆ ಅಂತ, ಎಪ್ಪತ್ತು ದಾಟಿದ ನಮ್ಮವ್ವ. ಅಣ್ಣ ಮಾತಾಡಲಿಲ್ಲ, ಅಂಗಡಿಯಿಂದ ಬರುವಾಗ ಮಿರ್ಚಿ ಕಟ್ಟಿಸಿಕೊಂಡು ಬಂದು ಅದನ್ನೇ ಊಟ ಮಾಡಿದ. ವೈನಿ ಒಬ್ಬಳೇ ಪಾತ್ರೆ ತಿಕ್ಕುತ್ತ ಕೂರುವಳು. ತಿಕ್ಕಿದ್ದನ್ನೇ ತಿಕ್ಕಿ ತಿಕ್ಕಿ ಒಂದು ಬೋಗುಣಿಯ ಆಚೆ ಕಡೆ ಕಾಣುವ ಹಾಗಾಗಿತ್ತು.

ರವಿವಾರ ಪಾಸ್ಟರು ಬಿತ್ತುವವನ ಸಾಮ್ಯದ ಮೇಲೆ ಪ್ರಸಂಗ ಮಾಡಿದರು. ಬಿತ್ತುವವನು ಬಿತ್ತಲು ಹೋದ. ಕೆಲವು ಬೀಜ ದಾರಿಯಲ್ಲಿ ಬಿದ್ದು ಹಕ್ಕಿಗಳ ಪಾಲಾದವು, ಕೆಲವು ಬಂಡೆಯ ಮೇಲೆ ಒಣಗಿದವು, ಕೆಲವನ್ನು ಮುಳ್ಳು ಅಡಗಿಸಿತು, ಕೆಲವು ಒಳ್ಳೆಯ ನೆಲದಲ್ಲಿ ನೂರ್ಮಡಿ ಬೆಳೆದವು. ಅಯ್ಯೋ ದೇವರೇ ಅಂದುಕೊಂಡೆ ನಾನು. ಯಾಕೆಂದರೆ ಈ ಸಾಮ್ಯ ಓದಿದ ದಿನ ನಮ್ಮವ್ವ ಮಧ್ಯಾಹ್ನದ ಊಟಕ್ಕೆ ಕೂತೊಡನೆ ಜಗಳ ತೆಗೆಯುತ್ತಾಳೆ. ನನಗೆ ಬುದ್ಧಿ ಬಂದಾಗಿನಿಂದ ತಪ್ಪಿಲ್ಲ.

ಕೋಳಿಸಾರು ಬಡಿಸಿಯಾಗಿತ್ತು. ನಮ್ಮವ್ವ ರೊಟ್ಟಿ ಮುರಿದಳು.

“ಆ ಮನಶ್ಯಾ ಯಾವತ್ತರ ಹೊಲಾ ಮಾಡ್ಯಾನೇನು?”

“ಶುರು ಆತು,” ಅಂದಳು ಕಾವ್ಯಾ.

“ನಮ್ಮಪ್ಪ ಕುಪ್ಪೇಲೂರಾಗ ಕೂರಿಗಿ ಹಿಡದು ಬಿತ್ತತಿದ್ದ. ಗೆರಿ ಕೊರದಂಗ ಸಾಲು. ನಾವು ಹುಡುಗೀರು ಬೀಜಾ ಬಿಡಕೋತ ಹಿಂದ ನಡೀಬೇಕು, ಒಂದ ಕಾಳು ಸಾಲು ಬಿಟ್ಟು ಬಿತ್ತಂದ್ರ ಬೆನ್ನಿಗೆ ಬೀಳತಿತ್ತು. ಇಂವ ನೋಡು, ದಾರ‍್ಯಾಗ ಚೆಲ್ಲತಾನ, ಕಲ್ಲಾಗ ಚೆಲ್ಲತಾನ, ಮುಳ್ಳಾಗ ಚೆಲ್ಲತಾನ. ಕೂರಿಗಿ ಇದ್ದಿಲ್ಲೇನು? ಬಾಜೂ ಮನ್ಯಾಗ ಕೇಳಿದ್ರ ಕೊಡತಿದ್ದಿಲ್ಲೇನು?”

“ಅಜ್ಜಿ, ಅದು ಸಾಮ್ಯ. ಬೀಜ ಅಂದ್ರ ದೇವರ ಮಾತು.”

“ಯಾರ ಮಾತಾದ್ರೇನು, ಬೀಜಾ ಬೀಜಾನ. ಹಾಳ ಮಾಡಬಾರದು.”

ಪ್ರತಿ ವರ್ಷ ಇಲ್ಲಿಗೆ ಎಲ್ಲರೂ ಸುಮ್ಮನಾಗುತ್ತೇವೆ. ಈ ಸಲ ಒಲೆಯ ಕಡೆಯಿಂದ ದನಿ ಬಂತು.

“ಅತ್ತಿ, ಅಂವಗ ಬಿತ್ತಾಕ ಬರತಿದ್ದಿಲ್ಲ ಅಂತಲ್ಲರಿ.”

ನಮ್ಮವ್ವ ತಿರುಗಿ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಈ ಜಗಳಕ್ಕೆ ಎದುರಾಳಿ ಸಿಕ್ಕಿರಲಿಲ್ಲ. ಮುಖ ಅರಳಿತು.

“ಮತ್ತ ಏನ?”

“ಬೀಜಾ ಭಾಳ ಇತ್ತು.”

“ಇದ್ರ? ಇದ್ದವ ಚೆಲ್ಲಬೇಕೇನು?”

“ಕೂರಿಗಿ ಹಿಡದ್ರ ಒಳ್ಳೆ ಹೊಲಕ್ಕಷ್ಟ ಬೀಳತಿತ್ತು. ದಾರಿಗೆ ಒಂದ ಕಾಳೂ ಸಿಗತಿದ್ದಿಲ್ಲ. ಅಂವಗ ದಾರೀನೂ ಬೇಕಾಗಿತ್ತೇನೋ.” ವೈನಿ ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ಈಚೆ ಬಂದಿದ್ದಳು. “ಮತ್ತ ನೋಡ್ರಿ, ಹಕ್ಕಿ ತಿಂದ್ರ ಅಂವ ಹಕ್ಕಿ ಬೆನ್ನ ಹತ್ತಲಿಲ್ಲ. ಕಲ್ಲಿನ ಮುಂದ ಕುಂತು ಹುಟ್ಟಿತೇನು, ಹುಟ್ಟಿತೇನು ಅಂತ ನೋಡಲಿಲ್ಲ. ಚೆಲ್ಲಿದಾ, ಮನೀಗೆ ಹೋದಾ.”

“ಹೋಗಿ?”

“ಉಂಡಾ. ಮಲಕೊಂಡಾ.”

“ಹಂಗ ಬರದೈತೇನು?”

“ಬರದಿಲ್ಲರಿ. ಅತ್ತಾ ಅಂತನೂ ಬರದಿಲ್ಲ.”

“ಹೌದಾ?” ನಮ್ಮವ್ವ ಕೋಳಿಯ ಎಲುಬನ್ನು ತಟ್ಟೆಯಂಚಿಗಿಟ್ಟಳು. “ಮತ್ತ ನೀ ಯಾಕ ಮೂರು ವಾರದಿಂದ ಅಳಾಕತ್ತೀದಿ?”

ವೈನಿ ಅಂಗೈಯ ಹಿಟ್ಟು ನೋಡುತ್ತ ನಿಂತಳು. ಚರ್ಚಿನಲ್ಲಿ ಪಾಸ್ಟರು ಮುಕ್ಕಾಲು ಗಂಟೆ ಹೇಳಿದರೂ ಆಗದ್ದು ಇಲ್ಲಿ ಏನೋ ಆಗುತ್ತಿದೆ ಅಂತ ನನಗೂ ಅನ್ನಿಸಿತು. ಅಷ್ಟರಲ್ಲಿ ನಮ್ಮಣ್ಣ ಬಾಯಿಬಿಟ್ಟ.

“ಇನ್ನೊಂದು ರೊಟ್ಟಿ ಐತೇನು?”

ಇತ್ತು. ಬಡಿದುಕೊಟ್ಟಳು. ಶ್ರೀಲಂಕಾ ಇರಲಿಲ್ಲ.

ಕೈ ತೊಳೆದುಕೊಂಡು ಬಂದವಳೇ ಚಾದರ ಎಳೆದು ತೆಗೆದಳು. “ಯುವರಾಜಾ, ನಾಳೆ ಆಟೋದಾಗ ಹೇರು. ಮೈಕು ಇಲ್ಲೇ ಬಿಡು.”

“ಮೈಕು ಬಿಟ್ಟು ನಾ ಬಂದು ಏನ್ ಮಾಡ್ಲಿ?”

“ಆಟೋ ಹೊಡಿ.”

“ಎಲ್ಲಿಗೆ?”

“ಭಾಳ ಮಂದಿ ಬರೋ ಅಂಗಡಿ ನಿನಗ ಯಾವುದು ಗೊತ್ತೈತೋ ಅಲ್ಲಿಗೆ. ಇಟ್ಟು ಬರೂದು. ಯಾರು ಒಯ್ತಾರು, ಯಾರು ಬಿಡತಾರು, ಅದು ನನ್ನ ಕೆಲಸಲ್ಲ.” ನಾನು ಆಟೋದ ನೆತ್ತಿಯ ಸ್ಪೀಕರ್ ಬಿಚ್ಚಲು ಹೋದೆ.

ರಾಣೆಬೆನ್ನೂರಿನಲ್ಲಿ ನನ್ನ ಗೆಳೆಯ ಶಾನವಾಜನ ಬೀಜದ ಅಂಗಡಿ ಇದೆ. ಜೂನ್ ತಿಂಗಳು, ಒಂದು ಹದ ಮಳೆ ಬಿದ್ದಿತ್ತು. ಅಂಗಡಿಯ ಮುಂದೆ ಅಷ್ಟು ರೈತರೆಂದರೆ, ಜಿಲ್ಲೆಯ ಹೊಲಗಳೆಲ್ಲ ಎದ್ದು ಅಲ್ಲಿಗೇ ಬಂದು ನಿಂತ ಹಾಗೆ. ಕೌಂಟರಿನ ಮೇಲೆ, ಗೋವಿನಜೋಳದ ಚೀಲಗಳ ಪಕ್ಕ, ಪುಸ್ತಕ ಜೋಡಿಸಿದೆವು. ನಮ್ಮವ್ವ ಚೀಲವೊಂದರ ಮೇಲೆ ಏರಿ ಕೂತಳು. ವೈನಿ ಗೋಡೆಗೆ ಅಂಟಿಕೊಂಡು ನಿಂತಳು.

ಪಂಚೆಯುಟ್ಟ ಹಿರಿಯರೊಬ್ಬರು ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿದರು. “ಯಾವ ಕಂಪನಿದವ್ವಾ ಇದು?”

ನಾನು ಬಾಯಿ ತೆಗೆಯುವಷ್ಟರಲ್ಲಿ ವೈನಿಯೇ, “ಮನ್ಯಾಗ ಮಾಡಿದ್ದರಿ” ಅಂದಳು.

“ಎಕರೆಕ್ಕ ಎಷ್ಟ ಬೇಕು?”

“ಮನೀಗೆ ಒಂದು ಸಾಕ್ರಿ.”

ಹಿರಿಯರು ನಕ್ಕು ಒಂದನ್ನು ಚೀಲಕ್ಕೆ ಹಾಕಿಕೊಂಡರು. ನಾನು ಸ್ಪೀಕರ್ ಇಲ್ಲದೆ ಚಡಪಡಿಸುತ್ತಿದ್ದೆ. ಅವಳು ಆ ಪ್ರತಿ ಎಲ್ಲಿಗೆ ಹೋಯಿತು ಅಂತ ತಿರುಗಿಯೂ ನೋಡಲಿಲ್ಲ. ನೋಡಬಾರದು ಅಂತ ಹಲ್ಲು ಕಚ್ಚಿ ನಿಂತಿದ್ದಳು, ಅದು ಕಾಣುತ್ತಿತ್ತು.

ಮಧ್ಯಾಹ್ನ ಶಾನವಾಜ, “ಹಿಂದ ಮನ್ಯಾಗ ನಮ್ಮ ಅಮ್ಮಿ ಕರೆಯಾಕತ್ತಾರ, ಊಟ ಮಾಡೂಣ ಬರ್ರಿ” ಅಂದ. ಆಮೇಲೆ ನನ್ನ ಕಿವಿಯಲ್ಲಿ, “ಯುವರಾಜ ಭಾಯ್, ಎಲ್ಡು ಸಲ ಉಣ್ಣಾಕ ತಯಾರಾಗು” ಅಂದ.

“ಯಾಕ?”

“ಮನ್ಯಾಗ ಎಲ್ಡು ಒಲಿ ಆಗ್ಯಾವು. ಅಮ್ಮಿದು ಒಂದು, ನಜ್ಮಾಂದು ಒಂದು. ಇಬ್ಬರ ಕಡೆನೂ ಉಣ್ಣಬೇಕು, ಇಲ್ಲಾಂದ್ರ ಒಬ್ಬರಿಗೆ ಸಿಟ್ಟು. ನೋಡಿಲ್ಲಿ.” ಹೊಟ್ಟೆ ತೋರಿಸಿದ. ಅಂಗಿಯ ಗುಂಡಿಗಳು ಪ್ರಾಣ ಕೈಯಲ್ಲಿ ಹಿಡಿದುಕೊಂಡಿದ್ದವು.

ಶಾನವಾಜನ ತಾಯಿ ಖತೀಜಾಬಿ ನಮ್ಮವ್ವನನ್ನು ಕೈಹಿಡಿದು ಚಾಪೆಯ ಮೇಲೆ ಕೂರಿಸಿದರು. ಅವರ ಸೊಸೆ ನಜ್ಮಾ ಅಡುಗೆಮನೆಯ ಆಚೆ ಮೂಲೆಯಲ್ಲಿ ಬೆನ್ನು ಹಾಕಿ ನಿಂತಿದ್ದಳು. ಪಾತ್ರೆ ಇಡುವ ಸದ್ದಿನಲ್ಲೇ ಅವಳು ಎಲ್ಲಾ ಮಾತೂ ಹೇಳುತ್ತಿದ್ದಳು.

“ಜಯಕ್ಕಾ, ನಿನ್ನ ಸೊಸಿ ದುವಾದ ಪುಸ್ತಕಾ ಬರದಾಳಂತ. ಅಡಗೀಮನಿ ಜಗಳಕ್ಕೂ ಐತೇನು ಅದರಾಗ?”

“ಎಲ್ಲಾ ಐತಿ,” ಅಂದಳು ನಮ್ಮವ್ವ. “ಓದು ಸಲೋಮಿ.”

ವೈನಿ ಪುಸ್ತಕ ತೆರೆದು ಓದಲು ಶುರುಮಾಡಿದಳು. ಎರಡು ಸಾಲು ಓದಿದಳು, ಶಾಲೆಯ ಮಕ್ಕಳು ಮಗ್ಗಿ ಹೇಳುವ ಹಾಗೆ. ನಿಲ್ಲಿಸಿದಳು. ಪುಸ್ತಕ ಮುಚ್ಚಿ ಚಾಪೆಯ ಮೇಲಿಟ್ಟಳು.

“ಏನಾಗೈತ್ರಿ ಅಮ್ಮಿ?”

“ಉಪ್ಪು,” ಅಂದರು ಖತೀಜಾಬಿ. “ಆಕಿ ಹಾಕತಾಳ. ಆಕಿ ಮರತಾಳೇನೋ ಅಂತ ನಾನೂ ಹಾಕತೀನಿ. ಸಾಲನ್ ಬಾಯಾಗ ಇಡಾಕ ಬರೂದಿಲ್ಲ. ಅದಕ್ಕ ಆಕಿ ಬ್ಯಾರೆ ಒಲಿ ಹೂಡ್ಯಾಳ. ಮರತಿದ್ರ ನನ್ನ ಮಗಗ ಸಪ್ಪನ್ನ ಆಗತಿತ್ತಲ್ಲ, ಅದಕ್ಕ ಹಾಕಿದ್ದು. ತಪ್ಪೇನವ್ವಾ?”

ಮೂಲೆಯಿಂದ ದನಿ ಬಂತು. “ನಾ ಒಂದ ದಿನಾನೂ ಮರತಿಲ್ಲ. ಎಂಟು ವರ್ಷ ಆತು. ಇನ್ನೂ ನನ್ನ ಕೈ ಮ್ಯಾಲೆ ನಂಬಿಗಿಲ್ಲ ಇವರಿಗೆ.”

“ನೋಡು, ನೋಡು! ಬಾಯಿ ನೋಡು ಅದರದು!”

ನಮ್ಮವ್ವ ಅತ್ತೆಯ ಪಕ್ಷ ವಹಿಸಲು ಸೊಂಟಕ್ಕೆ ಕೈಯಿಟ್ಟಳು. ಜಗಳ ನಾಲ್ಕು ದಿಕ್ಕಿಗೆ ಹಬ್ಬುವ ಲಕ್ಷಣವಿತ್ತು. ಆಗ ವೈನಿ ಕೂತಲ್ಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕಣ್ಣು ಮುಚ್ಚಿದಳು.

“ಸ್ವಾಮಿ, ಈ ಮನ್ಯಾಗ ಎರಡ ಕೈ ಉಪ್ಪು ಹಾಕಾಕತ್ತಾವು. ಎರಡೂ ಪ್ರೀತಿಯಿಂದನ ಹಾಕಾಕತ್ತಾವು. ಯಾವ ಕೈನೂ ಹಿಂದಕ್ಕ ತಗೀಬ್ಯಾಡ. ಅಮ್ಮಿಗೆ ಒಂದೀಟು ಮರವು ಕೊಡು. ನಜ್ಮಾಗ ಒಂದೀಟು ಕಿವುಡು ಕೊಡು. ಶಾನವಾಜಗ ಒಂದ ಹೊಟ್ಟಿ ಕೊಟ್ಟೀದಿ, ಅದಕ್ಕ ಎರಡ ಮನೀ ಊಟ ಹಾಕಿಸಬ್ಯಾಡ.” ತಡೆದಳು. ದನಿ ಇಳಿಯಿತು. “ನನಗ ಭಾಳ ದಿನದಿಂದ ಮಾತು ಬಂದಿದ್ದಿಲ್ಲ. ಯಾರು ಕೇಳತಾರೋ ಅಂತ ಅಂಜಿದ್ದೆ. ಕೇಳಲಿ ತಗೋ. ಬೀಜಾ ನಿಂದು. ದಾರೀನೂ ನಿಂದು. ನನಗ ಹಸಿವಿ ಆಗೈತಿ ಸ್ವಾಮಿ, ಮೂರು ವಾರದಿಂದ ಉಂಡಿಲ್ಲ. ಆಮೆನ್.”

“ಆಮೀನ್,” ಅಂದರು ಖತೀಜಾಬಿ. ಮೂಲೆಯಿಂದಲೂ ಒಂದು ‘ಆಮೀನ್’ ಬಂತು, ಪಾತ್ರೆಯ ಸದ್ದಿಲ್ಲದೆ.

ನಾನು ಕಣ್ಣೊರೆಸಿಕೊಂಡೆ. ಅಳುವುದು ನನ್ನ ಜಾಯಮಾನವಲ್ಲ. ಅಂಗಡಿಯ ಬೀಜೋಪಚಾರದ ಪುಡಿ ಗಾಳಿಗೆ ಬಂದಿರಬೇಕು. ಹದ ನೋಡಿ ಕಬ್ಬಿಣ ಬಡಿಯುವವನು ನಾನು, ತಕ್ಷಣ ಪುಸ್ತಕವೆತ್ತಿ ಮುಂದೆ ಹಿಡಿದೆ. “ಅಮ್ಮಿ, ಇಂಥಾ ದುವಾ ಮನೀ ತುಂಬ ಇರಬೇಕಂದ್ರ—”

“ಈಗ ಹೇಳಿದ್ದು ಯಾವ ಪುಟದಾಗೈತಿ?”

“ಇದು ಅದರಾಗಿಲ್ಲರಿ ಅಮ್ಮಿ,” ಅಂದಳು ವೈನಿ.

“ಇಲ್ಲಾ? ಮತ್ತ ಇಲ್ಲದ್ದನ್ನ ತಗೊಂಡು ನಾ ಏನ್ ಮಾಡ್ಲಿ?” ಖತೀಜಾಬಿ ಪುಸ್ತಕವನ್ನು ನನ್ನ ಕಡೆಗೇ ತಳ್ಳಿದರು. “ಇದನ್ನ ನೀ ಇಟಗೋ ಬೇಟಾ. ಈಕೀನ ಆಗಾಗ ಕರಕೊಂಡು ಬಾ, ಸಾಕು.”

ವೈನಿ ನಕ್ಕಳು. ಹಾಗೆ ನಕ್ಕದ್ದನ್ನು ನಾನು ಪುಸ್ತಕ ಮನೆಗೆ ಬಂದ ಮೇಲೆ ಕಂಡಿರಲಿಲ್ಲ. ಗಿರಾಕಿ ಕೈಬಿಟ್ಟು ಹೋದದ್ದಕ್ಕೆ ಹೊಟ್ಟೆ ಹಿಡಿದು ನಗುವ ವ್ಯಾಪಾರಿಯ ಜೊತೆ ನಾನು ಹೇಗೆ ಧಂದೆ ಮಾಡಲಿ?

ಊಟಕ್ಕೆ ಒಂದೇ ಸುಪ್ರಾ ಬಟ್ಟೆ ಹಾಸಿದರು. ಎರಡು ಒಲೆಯ ಅಡುಗೆಯನ್ನೂ ಅದರ ಮೇಲೆಯೇ ತಂದಿಟ್ಟರು. ನಜ್ಮಾ ತನ್ನ ಸಾಲನ್ ಬಡಿಸುವ ಮೊದಲು ಒಂದು ಗಳಿಗೆ ತಡೆದು, ಅತ್ತೆಯ ಕಡೆ ಚಮಚ ಚಾಚಿದಳು. ಖತೀಜಾಬಿ ರುಚಿ ನೋಡಿದರು. “ಸರಿ ಐತಿ,” ಅಂದರು, ಹಲ್ಲು ಕೀಳಿಸಿಕೊಂಡವರ ಹಾಗೆ.

ವೈನಿ ತಟ್ಟೆಯೊಳಗೆ ಇಳಿದುಬಿಟ್ಟಿದ್ದಳು. ಮೂರು ವಾರದ ಬಾಕಿಯನ್ನೆಲ್ಲ ಒಂದೇ ಕೂತಲ್ಲಿ ತೀರಿಸುವವಳ ಹಾಗೆ ಉಣ್ಣುತ್ತಿದ್ದಳು. ಆಗ ನಾನು ನೋಡಿದೆ: ಬಡಿಸುವುದು ಮುಗಿಸಿದ ನಜ್ಮಾ, ನಾನು ಪಕ್ಕದಲ್ಲಿಟ್ಟಿದ್ದ ಪುಸ್ತಕವನ್ನು ಮೆಲ್ಲಗೆ ಎತ್ತಿಕೊಂಡು ಅಡುಗೆಮನೆಯ ಕದದ ಹಿಂದೆ ಹೋದಳು. ಪುಟ ತಿರುವಿದ ಸದ್ದಾಯಿತು. ಮತ್ತೊಂದು ತಿರುವಿದಳು. ಅಲ್ಲಿಂದ ಒಂದು ಸಣ್ಣ ನಗು ಬಂತು, ಬಾಯಿಗೆ ಸೆರಗು ಒತ್ತಿ ಹಿಡಿದದ್ದು.

ನಾನು ವೈನಿಯನ್ನು ಮೊಣಕೈಯಿಂದ ತಿವಿದೆ. “ವೈನಿ! ವೈನಿ, ಅಲ್ಲಿ ನೋಡ್ರಿ, ಓದಾಕತ್ತಾಳ! ನಗಾಕತ್ತಾಳ!”

“ಓದಲಿ ಬಿಡು,” ಅಂದಳು, ತಲೆ ಎತ್ತದೆ. “ಆ ರೊಟ್ಟಿ ಈಕಡೆ ಸರಸು.”